ಹಳೇ ಆಕ್ಟೇವಿಯಾದ ಕ್ಯಾಸೆಟ್ ಸೆಟ್ಟಿಗೆ ಪೆನ್‌ಡ್ರೈವ್: ಒಂದು ಪ್ರಕರಣ ಅಧ್ಯಯನ

ಕಾರು 2003ರ ಸ್ಕೋಡಾ ಆಕ್ಟೇವಿಯಾ. 1.9 ಲೀಟರ್ ಟಿಡಿಐ ಡೀಸೆಲ್, ಔರಂಗಾಬಾದಿನಲ್ಲಿ ಜೋಡಿಸಿದ್ದು. ಗಾಡಿ ನನ್ನ ಚಿಕ್ಕಪ್ಪನದು. ಅವರ ಕಾಫಿ ತೋಟ ಇರುವುದು ಸಕಲೇಶಪುರದ ಹತ್ತಿರ, ಮೂಲಮನೆ ಪುತ್ತೂರಿನ ಕಡೆ. ಹಾಗಾಗಿ ಶಿರಾಡಿ ಘಾಟಿ ಹತ್ತಿ ಇಳಿಯುವುದು ಬೆಂಗಳೂರಿನವರಾದ ನಮಗೆ ಸಿಲ್ಕ್ ಬೋರ್ಡ್ ಸಿಗ್ನಲ್ ದಾಟಿದಷ್ಟೇ ಮಾಮೂಲಿ ಅವರಿಗೆ. ದಾರಿಯುದ್ದಕ್ಕೂ ತಾಳಮದ್ದಳೆ, ಅಂದರೆ ವೇಷ ಕುಣಿತ ಇಲ್ಲದ ಮಾತಿನ ಯಕ್ಷಗಾನ, ಕೇಳಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆ (ಪಾತ್ರವಾಗಿ ಆಡುವ ಮಾತು) ಇರುವ ಕ್ಯಾಸೆಟ್ಟುಗಳೇ ಒಂದು ರಟ್ಟಿನ ಪೆಟ್ಟಿಗೆ ತುಂಬ ಇವೆ. ಗಾಡಿಯ ಏಸಿ ಕೆಟ್ಟರೂ ಕಿಟಕಿ ಇಳಿಸಿಕೊಂಡು ಹೋಗುತ್ತಾರೆ, ಸೆಟ್ ಕೆಟ್ಟರೆ ಮಾತ್ರ ಫೋನ್ ಬರುತ್ತದೆ.

ತೊಂದರೆ ಶುರುವಾಗಿದ್ದು ಕ್ಯಾಸೆಟ್ಟಿನಿಂದಲೇ. ಮಲೆನಾಡಿನ ಮಳೆಗಾಲದಲ್ಲಿ ಟೇಪಿಗೆ ಬೂಷ್ಟು ಹಿಡಿಯುವುದು ಹೊಸದೇನಲ್ಲ. ಅಂಥ ಟೇಪು ಓಡಿದರೆ ಹೆಡ್ ಮೇಲೆ ಕೊಳೆ ಕೂತು ಸದ್ದು ಮಂಕಾಗುತ್ತದೆ. ಸ್ಪಿರಿಟ್ ಅದ್ದಿದ ಹತ್ತಿಯಲ್ಲಿ ಒರೆಸಿದರೆ ಒಂದಿಷ್ಟು ದಿನ ಸರಿ ಇರುತ್ತದೆ. ಆದರೆ ಟೇಪನ್ನು ಒತ್ತಿ ಎಳೆಯುವ ಪುಟ್ಟ ರಬ್ಬರ್ ಚಕ್ರ ಇದೆಯಲ್ಲ, ಅದು ವಯಸ್ಸಾಗಿ ಕಲ್ಲಿನಂತಾದರೆ ಒರೆಸಿ ಉಪಯೋಗವಿಲ್ಲ. ಎಳೆತ ಒಂದೇ ಸಮ ಇರುವುದಿಲ್ಲ. ಭಾಗವತರ ಆಲಾಪ ಅಲುಗಾಡುತ್ತಿತ್ತು, ಚೆಂಡೆಯ ಪೆಟ್ಟು ಒಂದು ಬಿಗಿ ಒಂದು ಸಡಿಲ. ಅಳತೆಗೆ ಸರಿಯಾದ ಹೊಸ ಚಕ್ರ ಎಲ್ಲೂ ಸಿಗಲಿಲ್ಲ.

ಚಿಕ್ಕಪ್ಪ ಹೇಳಿದ್ದು ಇಷ್ಟು. “ಇದಕ್ಕೆ ಪೆನ್‌ಡ್ರೈವ್ ಹಾಕ್ಲಿಕ್ಕೆ ಆಗ್ತದಾ ನೋಡು ಮಾರಾಯ. ಆದ್ರೆ ಸೆಟ್ ಬದಲಾಯಿಸ್ಬೇಡ. ಆ ಟಿವಿ ಥರದ್ದು ನಂಗೆ ಬೇಡವೇ ಬೇಡ. ಗಾಡಿ ಓಡಿಸುವಾಗ ಬೆರಳಿಗೆ ಗುಂಡಿ ಸಿಗ್ಬೇಕು.”

ಈ ಕೊನೆಯ ಮಾತನ್ನು ಹಠ ಅಂತ ತಳ್ಳಿಹಾಕುವುದು ಸುಲಭ. ಆದರೆ ನನಗೆ ಅದು ಪೂರ್ತಿ ಸರಿ ಅನ್ನಿಸಿತು. ಘಾಟಿಯ ತಿರುವಿನಲ್ಲಿ ಎದುರಿಗೆ ಟ್ಯಾಂಕರ್ ಬರುತ್ತಿರುವಾಗ ಟಚ್ ಸ್ಕ್ರೀನಿನಲ್ಲಿ ಹಾಡು ಹುಡುಕುವುದು ಯಾವ ವಯಸ್ಸಿನವರಿಗೂ ಒಳ್ಳೆಯದಲ್ಲ. ಇಪ್ಪತ್ತು ವರ್ಷ ಒಂದೇ ಗುಂಡಿ ತಿರುಗಿಸಿದ ಕೈಗೆ ಆ ಗುಂಡಿ ಎಲ್ಲಿದೆ ಅಂತ ನೋಡದೆಯೇ ಗೊತ್ತು. ಕಂಪನಿ ಸೆಟ್ಟಿನ ಆಂಪ್ಲಿಫೈಯರ್, ಸ್ಪೀಕರ್, ರೇಡಿಯೊ ಎಲ್ಲ ಚೆನ್ನಾಗಿಯೇ ಇದ್ದವು. ಕೊರತೆ ಇದ್ದಿದ್ದು ಡಿಜಿಟಲ್ ಹಾಡು ಒಳಗೆ ಬರಲು ಒಂದು ಬಾಗಿಲು, ಅಷ್ಟೇ.

ಬೇಡ ಅಂದ ದಾರಿಗಳು

ಮೊದಲು ಎಲ್ಲರೂ ಹೇಳುವುದು ಎಫ್‌ಎಂ ಟ್ರಾನ್ಸ್‌ಮಿಟರ್. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚಿ, ಅದಕ್ಕೆ ಪೆನ್‌ಡ್ರೈವ್ ಹಾಕಿ, ರೇಡಿಯೊವನ್ನು ಅದೇ ಫ್ರೀಕ್ವೆನ್ಸಿಗೆ ತಿರುಗಿಸಿದರೆ ಹಾಡು ಬರುತ್ತದೆ. ಇದರದ್ದೊಂದು ಮಜಾ ಇದೆ. ಶಿರಾಡಿ ಘಾಟಿಯ ಒಳಗೆ ರೇಡಿಯೊ ಸ್ಟೇಷನ್ನುಗಳು ಸರಿಯಾಗಿ ಸಿಗುವುದಿಲ್ಲ, ಹಾಗಾಗಿ ಅಲ್ಲಿ ಈ ಪುಟ್ಟ ಟ್ರಾನ್ಸ್‌ಮಿಟರ್ ರಾಜನ ಹಾಗೆ ಮೆರೆಯುತ್ತದೆ. ಬೆಂಗಳೂರಿಗೆ ಬಂದರೆ ಕಥೆ ಬೇರೆ. 91.1, 92.7, 93.5, 98.3, 101.3ರಲ್ಲಿ ಎಫ್‌ಎಂ ರೇನ್‌ಬೋ, 102.9ರಲ್ಲಿ ವಿವಿಧ ಭಾರತಿ. 88ರಿಂದ 108 ಮೆಗಾಹರ್ಟ್ಸ್ ಒಳಗೆ ಖಾಲಿ ಜಾಗ ಹುಡುಕಿ ಕೂರಿಸಿಕೊಂಡರೂ ಅರ್ಥಧಾರಿ ಮಾತಾಡುತ್ತಿರುವಾಗ ಮಧ್ಯೆ ಇನ್ಯಾರೋ ಪ್ಲಾಟ್ ಮಾರಲು ಶುರುಮಾಡುತ್ತಾರೆ. ತಾಳಮದ್ದಳೆಯಲ್ಲಿ ಮೌನವೂ ಇರುತ್ತದಲ್ಲ, ಮಾತಿನ ನಡುವೆ ಅರ್ಥಧಾರಿ ನಿಲ್ಲಿಸುವ ಆ ಎರಡು ಕ್ಷಣ. ಅಲ್ಲೆಲ್ಲ ಬರೀ ಸುಯ್ ಅನ್ನುವ ಸದ್ದು. ಸಿನಿಮಾ ಹಾಡಿಗಾದರೆ ಹೇಗೋ ನಡೆಯುತ್ತದೆ, ಮಾತಿಗೆ ನಡೆಯುವುದಿಲ್ಲ.

ಕ್ಯಾಸೆಟ್ ಆಕಾರದ ಅಡಾಪ್ಟರ್ ಇನ್ನೊಂದು. ಅದರೊಳಗಿನ ಪುಟ್ಟ ಹೆಡ್ಡು ಸೆಟ್ಟಿನ ಹೆಡ್ಡಿಗೆ ತಾಗಿ ಕೂತು ಸಿಗ್ನಲ್ ದಾಟಿಸುತ್ತದೆ. ಟೇಪೇ ಇಲ್ಲದ ಕಾರಣ ಗಟ್ಟಿಯಾದ ರಬ್ಬರ್ ಚಕ್ರ ಇದ್ದರೂ ಪರವಾಗಿಲ್ಲ. ಇದನ್ನು ಹಾಕಿ ನೋಡಿದೆವು. ಸದ್ದು ಎಫ್‌ಎಂಗಿಂತ ಎಷ್ಟೋ ವಾಸಿ. ಆದರೆ ಆಟೋ ರಿವರ್ಸ್ ಸೆಟ್ಟಿಗೆ ಟೇಪು ಮುಗಿಯಿತೋ ಇಲ್ಲವೋ ಅನ್ನುವ ಅನುಮಾನ ಬಂದುಬಿಡುತ್ತದೆ. ಟಕ್ ಅಂತ ಬದಿ ಬದಲಾಯಿಸುತ್ತದೆ, ಮತ್ತೆ ಟಕ್, ಆಮೇಲೆ ಅಡಾಪ್ಟರನ್ನೇ ಹೊರಗೆ ಉಗುಳುತ್ತದೆ. ಅದರ ಬಾಯಿಂದ ಒಂದು ವೈರ್ ಗೇರ್ ತನಕ ಜೋತಾಡುತ್ತಿರುವುದು ಬೇರೆ.

ಮೂರನೆಯದು ಸೆಟ್ಟನ್ನೇ ಕಿತ್ತು ಆಂಡ್ರಾಯ್ಡ್ ಸೆಟ್ ಹಾಕುವುದು. ಚಿಕ್ಕಪ್ಪ ಬೇಡ ಅಂದಿದ್ದರೂ ಸುಮ್ನೆ ವಿಚಾರಿಸೋಣ ಅಂತ ಜೆ.ಸಿ. ರಸ್ತೆಗೆ ಹೋಗಿದ್ದೆ. ಅಂಗಡಿಯ ಎಲೆಕ್ಟ್ರಿಷಿಯನ್ ಗಾಡಿಯ ಹೆಸರು ಕೇಳಿ, “ಅರ್ಧ ಗಂಟೆ ಕೆಲ್ಸ ಸರ್, ಪ್ಲಗ್ ಕಟ್ ಮಾಡಿ ಹೊಸ ವೈರ್ ಜಾಯಿಂಟ್ ಹೊಡೆದುಬಿಡ್ತೀನಿ” ಅಂದರು. “ಕಟ್ ಮಾಡ್ಲೇಬೇಕಾ ಅಣ್ಣ?” ಅಂದೆ. “ಎಲ್ಲಾ ಗಾಡಿಗೂ ಹಂಗೇ ಸರ್” ಅಂದರು.

ಎಲ್ಲಾ ಗಾಡಿಗೂ ಹಾಗೆ ಮಾಡಬಹುದು, ಈ ಗಾಡಿಗೆ ಮಾಡಬಾರದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಹಳೇ ಸ್ಕೋಡಾ, ಫೋಕ್ಸ್‌ವ್ಯಾಗನ್ ಇಟ್ಟುಕೊಂಡವರು ಎಡವುವುದು ಇಲ್ಲೇ ಜಾಸ್ತಿ. ಸ್ಟೀರಿಯೊ ಹಿಂದಿನ ಐಎಸ್‌ಒ ಪ್ಲಗ್ಗು ನೋಡಲು ಎಲ್ಲ ಕಾರಿನದ್ದೂ ಒಂದೇ. ಒಳಗಿನ ಪಿನ್ನುಗಳ ಕೆಲಸ ಮಾತ್ರ ಬೇರೆ. ಸಾಮಾನ್ಯ ಐಎಸ್‌ಒದಲ್ಲಿ ಪವರ್ ಪ್ಲಗ್ಗಿನ 4ನೇ ಪಿನ್ನಿನಲ್ಲಿ ಯಾವಾಗಲೂ 12 ವೋಲ್ಟ್ ಇರುತ್ತದೆ, 7ರಲ್ಲಿ ಕೀ ತಿರುಗಿಸಿದಾಗ ಮಾತ್ರ. ಈ ಗಾಡಿಗಳಲ್ಲಿ ಅದು ಅದಲುಬದಲು. ಹಾಗೇ ಚುಚ್ಚಿದರೆ ಕೀ ತೆಗೆದಾಗಲೆಲ್ಲ ಹೊಸ ಸೆಟ್ಟಿಗೆ ಮರೆವು. ಅದಕ್ಕಿಂತ ದೊಡ್ಡದು 3ನೇ ಪಿನ್ನು. ಅದು ಕೆ-ಲೈನ್, ಗ್ಯಾರೇಜಿನವರ ಸ್ಕ್ಯಾನರ್ ಗಾಡಿಯ ಕಂಪ್ಯೂಟರುಗಳ ಜೊತೆ ಮಾತಾಡುವ ತಂತಿ. ಕಂಪನಿ ಸೆಟ್ ಕೂಡ ಆ ಮಾತಿಗೆ ಕೂತಿರುತ್ತದೆ. ಹೊರಗಿನ ಸೆಟ್ ಹಾಕಿ ಆ ತಂತಿಯನ್ನು ಬೇರೆ ಯಾವುದಕ್ಕೋ ಸೇರಿಸಿದರೆ ಸ್ಕ್ಯಾನರ್ ಹಾಕಿದಾಗ ಎಂಜಿನ್ ಕಂಪ್ಯೂಟರ್ (ಇಸಿಯು) ಉತ್ತರವೇ ಕೊಡುವುದಿಲ್ಲ. ಸ್ಟೀರಿಯೊ ಬದಲಾಯಿಸಿ ವರ್ಷವಾದ ಮೇಲೆ ಗ್ಯಾರೇಜಿನಲ್ಲಿ “ಇಸಿಯು ಹೋಗಿದೆ ಸರ್” ಅಂತ ಕೇಳಿಸಿಕೊಂಡರೆ ಸ್ಟೀರಿಯೊ ಯಾರಿಗೆ ನೆನಪಾಗುತ್ತದೆ?

ಇನ್ನೂ ಒಂದಿದೆ. ಇದರ ಏರಿಯಲ್ ಛಾವಣಿಯ ಹಿಂಭಾಗದಲ್ಲಿದೆ, ಅದರ ಬುಡದಲ್ಲಿ ಪುಟ್ಟ ಆಂಪ್ಲಿಫೈಯರ್. ಅದಕ್ಕೆ ಬೇಕಾದ ಕರೆಂಟನ್ನು ಕಂಪನಿ ಸೆಟ್ಟು ಏರಿಯಲ್ ಕೇಬಲ್ಲಿನಲ್ಲೇ ಕಳಿಸುತ್ತದೆ. ಹೊಸ ಸೆಟ್ ಕಳಿಸುವುದಿಲ್ಲ. ಆಗ ಹಾಸನದಲ್ಲಿ ಚೆನ್ನಾಗಿ ಸಿಗುತ್ತಿದ್ದ ಆಕಾಶವಾಣಿ ಮನೆ ಗೇಟಿನಲ್ಲೂ ಕರಕರ ಅನ್ನುತ್ತದೆ. ಇದಕ್ಕೆಲ್ಲ ಅಡಾಪ್ಟರುಗಳು ಸಿಗುತ್ತವೆ, ಗೊತ್ತಿರುವವರು ಹಾಕುತ್ತಾರೆ ಕೂಡ. ಪ್ಲಗ್ ಕತ್ತರಿಸಿದ ಮೇಲೆ ಮಾತ್ರ ವಾಪಸ್ ದಾರಿಯಿಲ್ಲ.

ಕಂಪನಿಯೇ ಬಿಟ್ಟಿದ್ದ ಬಾಗಿಲು

ಸೆಟ್ಟಿನ ಮೇಲೆ ಸಿಡಿ ಅಂತ ಒಂದು ಗುಂಡಿ ಇದೆ. ಸಿಡಿ ಹಾಕುವ ಜಾಗ ಇಲ್ಲ. ಇಷ್ಟು ವರ್ಷ ಚಿಕ್ಕಪ್ಪ ಅದನ್ನು ಒತ್ತಿಯೇ ಇರಲಿಲ್ಲ, ಒತ್ತಿದರೂ ಏನೂ ಆಗುತ್ತಿರಲಿಲ್ಲ. ಅದು ಸಿಡಿ ಚೇಂಜರ್‌ಗೆ. ಆ ಕಾಲದ ಸ್ವಲ್ಪ ದುಬಾರಿ ಕಾರುಗಳಲ್ಲಿ ಡಿಕ್ಕಿಯಲ್ಲೋ ಸೀಟಿನ ಕೆಳಗೋ ಆರು ಸಿಡಿ ತುಂಬುವ ಪೆಟ್ಟಿಗೆ ಕೂರಿಸಿ, ಮುಂದಿನ ಸೆಟ್ಟಿನಿಂದ ಅದನ್ನು ಆಡಿಸುತ್ತಿದ್ದರು. ಚಿಕ್ಕಪ್ಪ ಆ ಪೆಟ್ಟಿಗೆ ತೆಗೆದುಕೊಂಡಿರಲಿಲ್ಲ. ಆದರೆ ಅದಕ್ಕೆ ಬೇಕಾದ ಸಾಕೆಟ್ಟು ಸೆಟ್ಟಿನ ಬೆನ್ನಿನಲ್ಲಿ ಇದ್ದೇ ಇತ್ತು.

ಮಿನಿ ಐಎಸ್‌ಒ ಅನ್ನುತ್ತಾರೆ ಅದಕ್ಕೆ. ಮೂರು ಭಾಗವಾಗಿ 20 ಪಿನ್ನುಗಳು: ಹಳದಿ, ಹಸಿರು, ನೀಲಿ. ನಮಗೆ ಬೇಕಾದ್ದು ನೀಲಿ, 8 ಪಿನ್ನಿನದು. 13, 14, 15ರಲ್ಲಿ ಸೆಟ್ಟು ಮತ್ತು ಚೇಂಜರ್ ಮಾತಾಡಿಕೊಳ್ಳುತ್ತವೆ. 16ರಲ್ಲಿ ಯಾವಾಗಲೂ 12 ವೋಲ್ಟ್, 17ರಲ್ಲಿ ಸೆಟ್ ಆನ್ ಇದ್ದಾಗ ಮಾತ್ರ. 18 ಆಡಿಯೊ ಗ್ರೌಂಡ್, 19 ಎಡ, 20 ಬಲ.

ಇಲ್ಲೊಂದು ವಿಷಯ ಗಮನಿಸಿ. ಹಾಡು ಬರುವುದು 19 ಮತ್ತು 20ರಲ್ಲಿ, ಅದೂ ಸಾದಾ ಅನಲಾಗ್ ಸಿಗ್ನಲ್ ಆಗಿ. ಅಂದರೆ ಆ ಎರಡು ಪಿನ್ನಿಗೆ ಏನು ಕೊಟ್ಟರೂ ಸೆಟ್ಟು ನುಡಿಸಬಲ್ಲದು. ಆದರೆ ಸುಮ್ಮನೆ ವೈರ್ ಕೊಟ್ಟರೆ ನುಡಿಸುವುದಿಲ್ಲ. “ನಾನು ಚೇಂಜರ್, ಇಲ್ಲಿದ್ದೇನೆ, ಒಳಗೆ ಸಿಡಿ ಇದೆ” ಅಂತ ಆ ಕಡೆಯಿಂದ ಯಾರಾದರೂ ಹೇಳುತ್ತಲೇ ಇರಬೇಕು. ಇಲ್ಲದಿದ್ದರೆ ಸಿಡಿ ಗುಂಡಿ ಒತ್ತಿದರೂ ಅದು ಆ ಬಾಗಿಲು ತೆರೆಯುವುದಿಲ್ಲ.

ಆ ಮಾತು ಏನು ಅನ್ನುವುದನ್ನು ಆಸಕ್ತರು ಹಿಂದೆಯೇ ಬಿಡಿಸಿಟ್ಟಿದ್ದಾರೆ. ಸೆಟ್ಟಿನಿಂದ ಹೋಗುವ ಆಜ್ಞೆಗಳು, ಅಂದರೆ ಮುಂದಿನ ಹಾಡು, ಹಿಂದಿನ ಹಾಡು, ಮುಂದಿನ ಡಿಸ್ಕ್, ಇವೆಲ್ಲ ಹೆಚ್ಚುಕಡಿಮೆ ಟಿವಿ ರಿಮೋಟಿನ ಶೈಲಿಯಲ್ಲಿ ಉದ್ದ ಗಿಡ್ಡ ಮಿಡಿತಗಳಾಗಿ ಹೋಗುತ್ತವೆ. ಚೇಂಜರಿನಿಂದ ಬರುವ ಉತ್ತರ 8 ಬೈಟಿನ ಒಂದೊಂದು ಕಂತು. ಎಷ್ಟನೇ ಡಿಸ್ಕ್, ಎಷ್ಟನೇ ಹಾಡು, ಎಷ್ಟು ನಿಮಿಷ, ಎಷ್ಟು ಸೆಕೆಂಡ್, ಮಿಕ್ಸ್ (ಹಾಡುಗಳನ್ನು ಕಲಸಿ ನುಡಿಸುವುದು) ಆನ್ ಇದೆಯಾ, ಇಷ್ಟೇ. ಹಾಡಿನ ಹೆಸರಿಗೆ ಅದರಲ್ಲಿ ಜಾಗವೇ ಇಲ್ಲ. ಆರ್ಡುಯಿನೊ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲಿ ಇದನ್ನು ಬರೆದು ಕೂರಿಸಿದವರು ಎಷ್ಟೋ ಜನ ಇದ್ದಾರೆ. ನಾನು ಅಷ್ಟು ದೂರ ಹೋಗಲಿಲ್ಲ. ತೋಟದ ಧೂಳು, ಮಳೆ, ಕುಲುಕಾಟ ತಡೆಯಬೇಕಾದ ಜಾಗಕ್ಕೆ ನನ್ನ ಬೆಸುಗೆಗಿಂತ ಡಬ್ಬಿಯಲ್ಲಿ ಬರುವ ರೆಡಿ ಚೇಂಜರ್ ಎಮ್ಯುಲೇಟರ್, ಅಂದರೆ ಚೇಂಜರಿನ ಹಾಗೆ ನಟಿಸುವ ಪುಟ್ಟ ಪೆಟ್ಟಿಗೆ, ಮೇಲು ಅನ್ನಿಸಿತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಒಂದು ಕಡೆ ನೀಲಿ ಪ್ಲಗ್ಗಿನ ಕೇಬಲ್, ಇನ್ನೊಂದು ಕಡೆ ಯುಎಸ್‌ಬಿ, ಎಸ್‌ಡಿ ಕಾರ್ಡ್, ಆಕ್ಸ್ (ಬೇರೆ ಸಾಧನದ ಆಡಿಯೊ ತಂತಿ ಚುಚ್ಚುವ ಜಾಗ). ಬೆಲೆ ಜೆ.ಸಿ. ರಸ್ತೆಯಲ್ಲಿ ಹೇಳಿದ ಆಂಡ್ರಾಯ್ಡ್ ಸೆಟ್ಟಿನ ಅರ್ಧಕ್ಕಿಂತ ಕಡಿಮೆ.

ಕೂರಿಸಿದ್ದು

ಸೆಟ್ ಹೊರಗೆ ಎಳೆಯುವ ಮೊದಲು ಮಾಡಬೇಕಾದ ಕೆಲಸ ಒಂದೇ: ಕೋಡ್ ಹುಡುಕಿ. ಪವರ್ ತಪ್ಪಿದರೆ ಈ ಸೆಟ್ಟು ಸೇಫ್ ಅಂತ ತೋರಿಸಿ ನಾಲ್ಕು ಅಂಕಿಯ ಕೋಡ್ ಕೇಳುತ್ತದೆ. ಎರಡು ಸಲ ತಪ್ಪಿದರೆ ಸುಮಾರು ಒಂದು ಗಂಟೆ ಸೆಟ್ ಆನ್ ಇಟ್ಟು ಕಾಯಬೇಕು, ಆಮೇಲೆ ಮತ್ತೆ ಪ್ರಯತ್ನ. ಕೋಡಿನ ಚೀಟಿ ಸಾಮಾನ್ಯವಾಗಿ ಗಾಡಿಯ ಪುಸ್ತಕದ ಪೌಚಿನಲ್ಲಿ ಇರುತ್ತದೆ. ಚಿಕ್ಕಪ್ಪನದು ಇದ್ದಿದ್ದು ತೋಟದ ಕಂದಾಯ ರಸೀದಿಗಳ ನಡುವೆ. ಚಿಕ್ಕಮ್ಮನಿಗೆ ಗೊತ್ತಿತ್ತು, ಬಚಾವ್.

ಸೆಟ್ ಎಳೆಯಲು ಸ್ಕ್ರೂ ಇರುವುದಿಲ್ಲ. ಮುಖದ ಸೀಳುಗಳಿಗೆ ಚಪ್ಪಟೆ ಕೀಲಿಗಳನ್ನು ಟಕ್ ಅನ್ನುವ ತನಕ ತಳ್ಳಿ, ಕೀಲಿ ಹಿಡಿದೇ ಎಳೆಯಬೇಕು. ಇಕ್ಕಳ, ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕಿಗೆ ಗಾಯ. ಈ ವಯಸ್ಸಿನ ಪ್ಲಾಸ್ಟಿಕ್ ಬಗ್ಗುವುದಿಲ್ಲ, ಒಡೆಯುತ್ತದೆ. ನೀಲಿ ಪ್ಲಗ್ಗನ್ನು ಅದರ ಜಾಗಕ್ಕೆ ಒತ್ತಿದೆ. ಕೇಬಲ್ಲಿಗೆ ಬಟ್ಟೆ ಟೇಪು ಸುತ್ತಿ, ಗ್ಲೋವ್ ಬಾಕ್ಸಿನ ಹಿಂದಿನಿಂದ ಒಳಗೆ ತಂದೆ. ಈ ಟೇಪು ಸುತ್ತುವುದನ್ನು ಬಿಡಬೇಡಿ. ಬರೀ ಕೇಬಲ್ ಬಿಟ್ಟರೆ ಸಕಲೇಶಪುರದಿಂದ ಗುಂಡ್ಯ ತನಕ ಡ್ಯಾಶ್‌ಬೋರ್ಡ್ ಒಳಗೆ ಯಾರೋ ಬೆರಳು ಕುಟ್ಟಿದ ಹಾಗೆ ಟಕಟಕ ಅನ್ನುತ್ತಿರುತ್ತದೆ.

ಕೋಡ್ ಹಾಕಿ ಸಿಡಿ ಗುಂಡಿ ಒತ್ತಿದಾಗ, ಅಷ್ಟು ವರ್ಷ ಸುಮ್ಮನಿದ್ದ ಸೆಟ್ಟು ಸಿಡಿ 1, ಟ್ರ್ಯಾಕ್ 1 ಅಂತ ತೋರಿಸಿತು. ಪೆನ್‌ಡ್ರೈವಿನಲ್ಲಿ ಸಿಡಿ01ರಿಂದ ಸಿಡಿ06ರ ತನಕ ಆರು ಫೋಲ್ಡರ್ ಮಾಡಿದರೆ ಸೆಟ್ಟಿನ 1ರಿಂದ 6ರ ಗುಂಡಿಗಳು ಒಂದೊಂದು ಫೋಲ್ಡರಿಗೆ. ಮುಂದೆ ಹಿಂದೆ ಹೋಗಲು ರೇಡಿಯೊ ಟ್ಯೂನ್ ಮಾಡುವ ಅದೇ ಗುಂಡಿಗಳು. ಚಿಕ್ಕಪ್ಪನಿಗೆ ಹೊಸದಾಗಿ ಕಲಿಸಲು ಏನೂ ಉಳಿಯಲಿಲ್ಲ.

ಬ್ಯಾಟರಿಯ ಲೆಕ್ಕ

ಇಲ್ಲಿಗೆ ಮುಗಿಯಿತು ಅನ್ನಿಸುತ್ತದೆ ಅಲ್ವಾ? ಮುಖ್ಯ ಪ್ರಶ್ನೆ ಬಾಕಿ ಇತ್ತು. ಈ ಗಾಡಿ ದಿನಾ ಓಡುವುದಿಲ್ಲ. ಮಳೆಗಾಲದಲ್ಲಿ ಘಾಟಿ ಕುಸಿದು ರಸ್ತೆ ಬಂದ್ ಆದರೆ ವಾರಗಟ್ಟಲೆ ಶೆಡ್ಡಿನಲ್ಲೇ ನಿಂತಿರುತ್ತದೆ. ಆ ಪೆಟ್ಟಿಗೆಯ ಕೇಬಲ್ ಕರೆಂಟ್ ತೆಗೆದುಕೊಳ್ಳುತ್ತಿದ್ದುದು 16ನೇ ಪಿನ್ನಿನಿಂದ, ಅಂದರೆ ಯಾವಾಗಲೂ ಇರುವ ಕರೆಂಟಿನಿಂದ.

ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ ಮಧ್ಯೆ ಮಲ್ಟಿಮೀಟರ್ ಕೂರಿಸಿ, ಗಾಡಿ ಲಾಕ್ ಮಾಡಿ, ಒಳಗಿನದೆಲ್ಲ ನಿದ್ದೆ ಹೋಗುವ ತನಕ ಕಾದು ನೋಡಿದೆ. ಪೆಟ್ಟಿಗೆ ಇಲ್ಲದೆ ಇದ್ದುದಕ್ಕಿಂತ ಪೆಟ್ಟಿಗೆ ಇದ್ದಾಗ ಸುಮಾರು 70 ಮಿಲಿಆಂಪಿಯರ್ ಜಾಸ್ತಿ. ಕೇಳಲು ಚಿಲ್ಲರೆ ಅನ್ನಿಸುತ್ತದೆ. ಗುಣಿಸಿ ನೋಡಿ. ದಿನಕ್ಕೆ 1.68 ಆಂಪಿಯರ್-ಅವರ್, 15 ದಿನಕ್ಕೆ 25. ಅರವತ್ತು ಎಪ್ಪತ್ತರ ಬ್ಯಾಟರಿಯಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇದೊಂದೇ ತಿಂದುಹಾಕುತ್ತದೆ, ಅದರ ಮೇಲೆ ಗಾಡಿಯ ಸ್ವಂತ ಖರ್ಚು ಬೇರೆ. ಹಳೇ ಬ್ಯಾಟರಿ, ತಣ್ಣನೆ ಬೆಳಗ್ಗೆ, ಬಿಸಿಯಾಗಬೇಕಾದ ಗ್ಲೋ ಪ್ಲಗ್ಗುಗಳು. ಮುಂದೆ ಏನಾಗುತ್ತದೆ ಅಂತ ಡೀಸೆಲ್ ಗಾಡಿ ಇಟ್ಟವರಿಗೆ ಹೇಳಬೇಕಾಗಿಲ್ಲ.

ಪರಿಹಾರ ಆ ಪ್ಲಗ್ಗಿನಲ್ಲೇ ಇತ್ತು. ಪವರ್ ತಂತಿಯ ಪಿನ್ನನ್ನು 16ರಿಂದ ಹೊರತೆಗೆದು 17ಕ್ಕೆ ತಳ್ಳಿದೆ, ಮಧ್ಯೆ ಒಂದು ಸಣ್ಣ ಫ್ಯೂಸ್ ಹಾಕಿದೆ. ಈಗ ಸೆಟ್ ಆಫ್ ಆದರೆ ಪೆಟ್ಟಿಗೆಯೂ ಆಫ್. ಮತ್ತೆ ಅಳೆದಾಗ ಆ 70 ಮಾಯವಾಗಿತ್ತು. ಹಾಗೆ ಮಾಡಿದ ಮೇಲೆ ಆ ಪೆಟ್ಟಿಗೆಯ ಯುಎಸ್‌ಬಿಯಿಂದ ಫೋನ್ ಚಾರ್ಜ್ ಮಾಡಬಾರದು, ಸೆಟ್ಟಿನೊಳಗಿಂದ ಬರುವ ಆ ಸಣ್ಣ ಕರೆಂಟಿನ ಮೇಲೆ ಅಷ್ಟು ಭಾರ ಹಾಕುವುದು ಸರಿಯಲ್ಲ.

ಕರೆಂಟ್ ಕಡಿದರೆ ಇನ್ನೊಂದು ಬೆಲೆ ತೆರಬೇಕು, ಅದು ಮರೆವು. ಎಷ್ಟನೇ ಫೋಲ್ಡರ್, ಎಷ್ಟನೇ ಟ್ರ್ಯಾಕ್ ಅನ್ನುವುದು ಈ ಪೆಟ್ಟಿಗೆಗೆ ನೆನಪಿರುತ್ತದೆ. ಆ ಟ್ರ್ಯಾಕಿನ ಒಳಗೆ ಎಷ್ಟು ನಿಮಿಷ ಕಳೆದಿತ್ತು ಅನ್ನುವುದು ನೆನಪಿರುವುದಿಲ್ಲ. ಐದು ನಿಮಿಷದ ಹಾಡಿಗೆ ಇದೇನೂ ತೊಂದರೆಯಲ್ಲ. ಮೂರೂವರೆ ಗಂಟೆಯ ತಾಳಮದ್ದಳೆಗೆ ದೊಡ್ಡ ತೊಂದರೆ. ಡೋಣಿಗಾಲಿನಲ್ಲಿ ಚಹಾಕ್ಕೆ ನಿಲ್ಲಿಸಿ ಬಂದು ಕೀ ತಿರುಗಿಸಿದರೆ ಮತ್ತೆ ಗಣಪತಿ ಸ್ತುತಿ.

ಕಡತಗಳನ್ನು ಸಜ್ಜು ಮಾಡಿದ್ದು

ಹೀಗಾಗಿ ಈ ಪ್ರಕರಣದಲ್ಲಿ ವೈರಿಂಗಿಗಿಂತ ಜಾಸ್ತಿ ಹೊತ್ತು ಹಿಡಿದಿದ್ದು ಫೈಲುಗಳ ಕೆಲಸ. ಕ್ಯಾಸೆಟ್ಟುಗಳನ್ನು ಒಳ್ಳೆಯ ಸ್ಥಿತಿಯಲ್ಲಿದ್ದ ಮನೆಯ ಡೆಕ್ಕಿನಲ್ಲಿ ಹಾಕಿ, ಲೈನ್ ಔಟಿನಿಂದ ಲ್ಯಾಪ್‌ಟಾಪಿಗೆ ತಂದು ಆಡಾಸಿಟಿ ಅನ್ನುವ ಸಾಫ್ಟ್‌ವೇರಿನಲ್ಲಿ ರೆಕಾರ್ಡ್ ಮಾಡಿದೆವು. ಇದಕ್ಕೆ ಅಡ್ಡದಾರಿ ಇಲ್ಲ, 90 ನಿಮಿಷದ ಕ್ಯಾಸೆಟ್ಟಿಗೆ 90 ನಿಮಿಷವೇ ಬೇಕು. ಚಿಕ್ಕಮ್ಮ ಅಡುಗೆ ಮಾಡುತ್ತಾ ಬದಿ ತಿರುವಿ ಹಾಕುವ ಕೆಲಸ ವಹಿಸಿಕೊಂಡರು. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಮೊದಲು ಬಿಸಿಲಿಗಿಡಬೇಡಿ, ಟೇಪು ಸುಕ್ಕಾಗುತ್ತದೆ. ನೆರಳಲ್ಲಿ ಒಣಗಿಸಿ, ಒಮ್ಮೆ ಈ ತುದಿಯಿಂದ ಆ ತುದಿಗೆ ಸುತ್ತಿ, ಆಮೇಲೆ ನುಡಿಸಿ. ಪ್ರತಿ ಕ್ಯಾಸೆಟ್ ಆದ ಮೇಲೆ ಹೆಡ್ ಒರೆಸಿ.

ಎಂಪಿ3 ಮಾಡುವಾಗ ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಡೇಟಾ ಅನ್ನುವ ಲೆಕ್ಕ, 320 ಕೆಬಿಪಿಎಸ್ ಇರಲಿ ಅನ್ನುವವರು ಇದ್ದಾರೆ. ಮೈಕಿನ ಮುಂದೆ ಕೂತು ಮಾತಾಡಿದ ಮೊನೊ ರೆಕಾರ್ಡಿಂಗಿಗೆ, ಅದೂ ಕ್ಯಾಸೆಟ್ಟಿನಿಂದ ಬಂದದ್ದಕ್ಕೆ, ಅದು ಬರೀ ಜಾಗ ದಂಡ. ಮೊನೊದಲ್ಲಿ 64 ಕೆಬಿಪಿಎಸ್ ಇಟ್ಟೆವು. ಗಂಟೆಗೆ 29 ಎಂಬಿ ಆಗುತ್ತದೆ. ಕಾರಿನಲ್ಲಿ, ಡೀಸೆಲ್ ಎಂಜಿನಿನ ಸದ್ದಿನ ನಡುವೆ, ಇದಕ್ಕೂ ಮೂಲ ಕ್ಯಾಸೆಟ್ಟಿಗೂ ವ್ಯತ್ಯಾಸ ನನ್ನ ಕಿವಿಗಂತೂ ಸಿಗಲಿಲ್ಲ. ಬಿಟ್‌ರೇಟ್ ಏರಿಳಿಯುವ ಥರ ಇಡದೆ ಒಂದೇ ಸಮ ಇಟ್ಟಿದ್ದಕ್ಕೆ ಕಾರಣ ಇದೆ: ಇಂಥ ಸಣ್ಣ ಡಿಕೋಡರುಗಳು ಏರಿಳಿಯುವ ಫೈಲಿನಲ್ಲಿ ಸಮಯದ ಲೆಕ್ಕ ತಪ್ಪುತ್ತವೆ, ಮುಂದೆ ಓಡಿಸಿದಾಗ ಎಲ್ಲೆಲ್ಲೋ ಹೋಗಿ ನಿಲ್ಲುತ್ತವೆ.

ಆಮೇಲೆ ಪ್ರತಿ ಪ್ರಸಂಗವನ್ನೂ 10 ನಿಮಿಷದ ತುಂಡುಗಳಾಗಿ ಕತ್ತರಿಸಿದೆವು. ಮೂರೂವರೆ ಗಂಟೆಯದ್ದು 21 ಟ್ರ್ಯಾಕ್ ಆಯಿತು. ಎಲ್ಲೇ ನಿಲ್ಲಿಸಿದರೂ ವಾಪಸ್ ಬಂದಾಗ ಹೆಚ್ಚೆಂದರೆ ಹತ್ತು ನಿಮಿಷ ಹಿಂದಿನಿಂದ ಶುರು. ಗಡಿಯಾರ ನೋಡಿ ಸರಿಯಾಗಿ ಹತ್ತಕ್ಕೇ ಕತ್ತರಿಸಿದರೆ ಮಾತಿನ ಮಧ್ಯೆ ತುಂಡಾಗಿ, ಒಂದು ಟ್ರ್ಯಾಕಿನಿಂದ ಇನ್ನೊಂದಕ್ಕೆ ಹೋಗುವ ಸಣ್ಣ ಖಾಲಿ ಕಿವಿಗೆ ಚುಚ್ಚುತ್ತದೆ. ಹತ್ತಿರದ ಮೌನ ಹುಡುಕಿ ಅಲ್ಲಿ ಕತ್ತರಿಸುವ ಸೌಲಭ್ಯ ಎಂಪಿ3ಸ್ಪ್ಲಿಟ್ ಥರದ ಉಚಿತ ಸಾಫ್ಟ್‌ವೇರುಗಳಲ್ಲಿದೆ. ಅರ್ಥಧಾರಿಗಳು ಉಸಿರು ತೆಗೆದುಕೊಳ್ಳುವ ಜಾಗದಲ್ಲೇ ಕತ್ತರಿ ಬಿತ್ತು.

ಒಂದು ಫೋಲ್ಡರಿನಲ್ಲಿ 99 ಟ್ರ್ಯಾಕ್, ಆರು ಫೋಲ್ಡರ್. ಹತ್ತು ನಿಮಿಷದಂತೆ 594 ಟ್ರ್ಯಾಕಿಗೆ 99 ಗಂಟೆ ತಾಳಮದ್ದಳೆ. ಹತ್ತಿರಹತ್ತಿರ 3 ಜಿಬಿ. ಹಾಗಾಗಿ ದೊಡ್ಡ ಪೆನ್‌ಡ್ರೈವ್ ಹುಡುಕಿಕೊಂಡು ಹೋಗಬೇಕಾಗಿಲ್ಲ, ಮನೆಯ ಡ್ರಾಯರಿನಲ್ಲಿ ಬಿದ್ದಿರುವ ಹಳೇ 4 ಜಿಬಿಯದ್ದೇ ಸಾಕು. ಫ್ಯಾಟ್32 ಅನ್ನುವ ಮಾದರಿಗೆ ಫಾರ್ಮ್ಯಾಟ್ ಮಾಡಿರಬೇಕು, ಅಷ್ಟೇ.

ಇಷ್ಟಾದ ಮೇಲೂ ಒಂದು ವಿಚಿತ್ರ. ಮೂರನೇ ತುಂಡಾದ ಮೇಲೆ ಹದಿನೇಳನೆಯದು, ಆಮೇಲೆ ಒಂದನೆಯದು. ಯುದ್ಧ ಮುಗಿದು ಶವ ಬಿದ್ದ ಮೇಲೆ ಸಂಧಾನಕ್ಕೆ ಬರುತ್ತಿದ್ದರು. ಮೊದಲ ಅನುಮಾನ ಸೆಟ್ಟಿನ ಮಿಕ್ಸ್ ಗುಂಡಿಯ ಮೇಲೆ, ಅದು ಆಫ್ ಇತ್ತು. ಕಾರಣ ಪೆನ್‌ಡ್ರೈವಿನಲ್ಲಿ. ಇಂಥ ಪೆಟ್ಟಿಗೆಗಳು ಫೈಲಿನ ಹೆಸರು ನೋಡಿ ಅನುಕ್ರಮ ಮಾಡುವುದಿಲ್ಲ. ಫ್ಯಾಟ್ ಪಟ್ಟಿಯಲ್ಲಿ ಯಾವುದು ಮೊದಲು ಬರೆಯಲ್ಪಟ್ಟಿದೆಯೋ ಅದನ್ನೇ ಮೊದಲು ನುಡಿಸುತ್ತವೆ. ಕಂಪ್ಯೂಟರಿನ ಪರದೆ ನಮಗೆ 01, 02, 03 ಅಂತ ಚಂದವಾಗಿ ಜೋಡಿಸಿ ತೋರಿಸುತ್ತದೆ, ಒಳಗಿನ ಪಟ್ಟಿ ಬೇರೆಯೇ ಇರುತ್ತದೆ. ಫ್ಯಾಟ್‌ಸಾರ್ಟ್ ಅನ್ನುವ ಸಣ್ಣ ಪ್ರೋಗ್ರಾಂ ಓಡಿಸಿದರೆ ಆ ಒಳಗಿನ ಪಟ್ಟಿಯೇ ಹೆಸರಿನ ಪ್ರಕಾರ ಜೋಡಣೆಯಾಗುತ್ತದೆ. ಓಡಿಸಿದೆವು, ಸರಿಯಾಯಿತು.

ಇನ್ನೊಂದು ಕಾಟ ತಂಗಿಯ ಮ್ಯಾಕ್‌ನಿಂದ ಬಂತು. ಅವಳು ರಜೆಗೆ ಬಂದಾಗ ಒಂದಿಷ್ಟು ಫೈಲು ಹಾಕಿಕೊಟ್ಟಳು. ಒಂದು ಟ್ರ್ಯಾಕ್ ಬಿಟ್ಟು ಒಂದು ಟ್ರ್ಯಾಕ್ ಖಾಲಿ. ಮ್ಯಾಕ್ ಪ್ರತಿ ಫೈಲಿನ ಜೊತೆ ಚುಕ್ಕಿ-ಅಡಿಗೆರೆಯಿಂದ ಶುರುವಾಗುವ ಹೆಸರಿನ ಒಂದು ಮರೆಯ ಫೈಲನ್ನೂ ಪೆನ್‌ಡ್ರೈವಿಗೆ ಬರೆಯುತ್ತದೆ, ಅದರ ಹೆಸರಿನ ಕೊನೆಯಲ್ಲೂ ಎಂಪಿ3 ಅಂತಲೇ ಇರುತ್ತದೆ. ಪೆಟ್ಟಿಗೆ ಪಾಪ ಅದನ್ನೂ ಹಾಡು ಅಂತ ನಂಬುತ್ತದೆ. ವಿಂಡೋಸ್ ಗಣಕದಲ್ಲಿ ಮರೆಯ ಫೈಲುಗಳನ್ನು ತೋರಿಸುವಂತೆ ಮಾಡಿ ಅಳಿಸಿದರೆ ಮುಗಿಯಿತು. ಹಾಗೆಯೇ ಹಾಡಿನ ಫೈಲಿನೊಳಗೆ ದೊಡ್ಡ ಚಿತ್ರ ಅಂಟಿಸಿದ್ದರೆ ಅದನ್ನೂ ತೆಗೆಯಿರಿ, ಅದನ್ನೆಲ್ಲ ದಾಟಿ ಸದ್ದು ಶುರುಮಾಡಲು ಪೆಟ್ಟಿಗೆ ತಡಬಡಾಯಿಸುತ್ತದೆ.

ಹೆಸರು ಕಾಣದಿರುವುದಕ್ಕೆ ಪರಿಹಾರ ಕಾಗದದಲ್ಲಿ. ಆರು ಫೋಲ್ಡರಿನಲ್ಲಿ ಯಾವ ಪ್ರಸಂಗ ಎಷ್ಟನೇ ಟ್ರ್ಯಾಕಿನಿಂದ ಅಂತ ದಪ್ಪಕ್ಷರದಲ್ಲಿ ಪ್ರಿಂಟ್ ತೆಗೆದು, ಲ್ಯಾಮಿನೇಟ್ ಮಾಡಿಸಿ ಸನ್‌ವೈಸರಿಗೆ ಸಿಕ್ಕಿಸಿದೆವು.

ಫೋನು ಮತ್ತು ಸಿಳ್ಳೆ

ತಂಗಿಗೆ ತಾಳಮದ್ದಳೆ ಬೇಡ, ಅವಳ ಫೋನಿನ ಹಾಡು ಬೇಕು. ಪೆಟ್ಟಿಗೆಯಲ್ಲಿ ಪೆನ್‌ಡ್ರೈವ್ ಕಿತ್ತರೆ ಅದು ಆಕ್ಸ್‌ಗೆ ಹೋಗುತ್ತದೆ. ಅಲ್ಲಿಗೆ ಒಂದು ಬ್ಲೂಟೂತ್ ರಿಸೀವರ್ ಹಾಕಿ, ಅದರ ಚಾರ್ಜಿಗೆ ಲೈಟರ್ ಸಾಕೆಟ್ಟಿನ ಯುಎಸ್‌ಬಿ ಕೊಟ್ಟೆವು. ಹಾಡಿನ ಜೊತೆ ಒಂದು ಸಿಳ್ಳೆ. ಆಕ್ಸಲರೇಟರ್ ತುಳಿದಂತೆ ಸಿಳ್ಳೆಯ ಸ್ವರವೂ ಏರುತ್ತದೆ. ಎಂಜಿನ್ ವೇಗಕ್ಕೆ ತಕ್ಕಂತೆ ಏರುತ್ತಿದೆ ಅಂದರೆ ಅದು ಆಲ್ಟರ್ನೇಟರಿನದು ಅಂತಲೇ ಲೆಕ್ಕ. ರಿಸೀವರನ್ನು ಲೈಟರಿನಿಂದ ಕಿತ್ತು ಅದರ ಸ್ವಂತ ಬ್ಯಾಟರಿಯಲ್ಲಿ ಓಡಿಸಿದೆ, ಸಿಳ್ಳೆ ಪೂರ್ತಿ ನಿಂತಿತು. ಅಲ್ಲಿಗೆ ಕಾರಣ ಖಚಿತ: ಗ್ರೌಂಡ್ ಎರಡು ದಾರಿಯಿಂದ ಬರುತ್ತಿದೆ, ಒಂದು ಲೈಟರ್ ಕಡೆಯಿಂದ, ಇನ್ನೊಂದು ಆಡಿಯೊ ತಂತಿಯ ಕಡೆಯಿಂದ, ಎರಡರ ನಡುವಿನ ಸಣ್ಣ ವ್ಯತ್ಯಾಸ ಸದ್ದಾಗಿ ಕೇಳಿಸುತ್ತಿದೆ.

ಎಸ್.ಪಿ. ರಸ್ತೆಯಲ್ಲಿ ಗ್ರೌಂಡ್ ಲೂಪ್ ಐಸೊಲೇಟರ್ ಸಿಗುತ್ತದೆ. ಒಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್, ಅಷ್ಟೇ. ಆಕ್ಸ್ ತಂತಿಯ ಮಧ್ಯೆ ಹಾಕಿದರೆ ಸದ್ದು ದಾಟುತ್ತದೆ, ಗ್ರೌಂಡ್ ದಾಟುವುದಿಲ್ಲ. ಅಗ್ಗದ್ದರಲ್ಲಿ ಬಾಸ್ ಸ್ವಲ್ಪ ತೆಳುವಾಗುತ್ತದೆ. ತಂಗಿ ಗೊಣಗಿದಳು, ಚಿಕ್ಕಪ್ಪನಿಗೆ ಅದೇ ಇಷ್ಟವಾಯಿತು.

ಫೋನ್ ಕರೆ ಮಾತಾಡಲು ಇದರಲ್ಲಿ ಆಗುವುದಿಲ್ಲ, ಮೈಕಿಗೆ ದಾರಿಯಿಲ್ಲ. ಇಡೀ ವ್ಯವಸ್ಥೆಯಲ್ಲಿ ಉಳಿದ ಇನ್ನೊಂದು ಸಣ್ಣ ಕಿರಿಕಿರಿ ಅಂದರೆ, ಸೆಟ್ ಆನ್ ಆದ ಮೇಲೆ ಪೆಟ್ಟಿಗೆ ಎದ್ದು ಪೆನ್‌ಡ್ರೈವ್ ಓದಲು ಕೆಲವು ಸೆಕೆಂಡು ಬೇಕು. ಅಷ್ಟರಲ್ಲಿ ಚೇಂಜರ್ ಇಲ್ಲ ಅಂದುಕೊಂಡು ಸೆಟ್ಟು ಒಮ್ಮೊಮ್ಮೆ ರೇಡಿಯೊಗೆ ಹೋಗಿಬಿಡುತ್ತದೆ, ಮತ್ತೆ ಸಿಡಿ ಗುಂಡಿ ಒತ್ತಬೇಕು.

ನಿಮ್ಮ ಹತ್ತಿರ ಇಂಥದ್ದೇ ಹಳೇ ಗಾಡಿ ಇದ್ದು ಮಾಡಿಸಬೇಕು ಅಂತಿದ್ದರೆ, ಪೆಟ್ಟಿಗೆ ತರಿಸುವ ಮೊದಲು ಸೆಟ್ ಹೊರಗೆಳೆದು ಬೆನ್ನಿನ ಫೋಟೊ ತೆಗೆದುಕೊಳ್ಳಿ. ನೀಲಿ 8 ಪಿನ್ ಇದ್ದರೆ ಮೇಲೆ ಹೇಳಿದ್ದೆಲ್ಲ ಹೊಂದುತ್ತದೆ. ಸ್ಕೋಡಾ ಲೌರಾದ ಕಾಲದಿಂದ ಈಚಿನ ಗಾಡಿಗಳಲ್ಲಿ ದೊಡ್ಡ ಒಂದೇ ಚೌಕದ ಕ್ವಾಡ್‌ಲಾಕ್ ಪ್ಲಗ್ಗು ಬಂದಿದೆ, ಅದಕ್ಕೆ 12 ಪಿನ್ನಿನ ಪೆಟ್ಟಿಗೆ ಬೇರೆ. ಟೊಯೋಟಾದಲ್ಲಿ ಎವಿಸಿ-ಲ್ಯಾನ್, ಬಿಎಂಡಬ್ಲ್ಯೂದಲ್ಲಿ ಐ-ಬಸ್, ಅವುಗಳ ಮಾತೇ ಬೇರೆ, ಪೆಟ್ಟಿಗೆಯೂ ಬೇರೆ. ಪ್ಲಗ್ಗಿನ ಫೋಟೊ ಮತ್ತು ಸೆಟ್ಟಿನ ಮೇಲಿನ ಸ್ಟಿಕ್ಕರಿನ ನಂಬರ್ ಎರಡನ್ನೂ ಮಾರುವವರಿಗೆ ಕಳಿಸಿ, ಹೊಂದುತ್ತದೆ ಅಂತ ಬರೆಸಿಕೊಂಡ ಮೇಲೆ ದುಡ್ಡು ಕೊಡಿ.